ಕರೆಂಟು ಕುಡಿಯುವ ಟ್ರೈಲರ್

ಗಂಡ ನಿವೃತ್ತನಾದರೆ ಹೆಂಡತಿಗೂ ವಿಶ್ರಾಂತಿ ಸಿಗುತ್ತದೆ ಎಂದು ಯಾರು ಹೇಳಿದರೋ, ಅವರನ್ನು ದಯವಿಟ್ಟು ಒಂದು ಸಲ ನಮ್ಮ ಮನೆಗೆ ಕಳಿಸಿ. ಕಾಫಿ ಕೊಟ್ಟು, ನಮ್ಮ ಯಜಮಾನರ ಎದುರಿಗೆ ಕುರ್ಚಿ ಹಾಕಿ ಕೂರಿಸುತ್ತೇನೆ. ಅವರು ಮಾತಾಡಿಕೊಂಡಿರಲಿ, ನಾನು ಎಲ್ಲಾದರೂ ಹೋಗಿ ಮಲಗಿ ಬರುತ್ತೇನೆ.

ನನ್ನ ಹೆಸರು ಲವಾನ್. ಯಜಮಾನರ ಹೆಸರು ವೆಂಡೆಲ್. ನಾರ್ತ್ ಡಕೋಟದ ನಮ್ಮ ಪುಟ್ಟ ಊರಿನ ಧಾನ್ಯದ ಉಗ್ರಾಣಕ್ಕೆ ಅವರೇ ಮ್ಯಾನೇಜರ್ ಆಗಿದ್ದರು. ರೈತರು ಲಾರಿಯಲ್ಲಿ ತಂದ ಗೋಧಿಯನ್ನು ಒಂದು ಹಿಡಿ ತೆಗೆದು, ಮೂಸಿ, ಒಂದು ಕಾಳು ಕಚ್ಚಿ, "ನಂಬರ್ ಒನ್", ಇಲ್ಲವೇ "ನಂಬರ್ ಟೂ, ತೇವ ಜಾಸ್ತಿ" ಎಂದು ದರ್ಜೆ ಹೇಳುವುದು ಅವರ ಉದ್ಯೋಗ. ಅದಕ್ಕಾಗಿ ಬೆಳಗಾಗುವ ಮುಂಚೆ ಮನೆ ಬಿಟ್ಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಊರಿನಲ್ಲಿ ಎಲ್ಲರೂ ನಮ್ಮದು ಆದರ್ಶ ದಾಂಪತ್ಯ ಎನ್ನುತ್ತಿದ್ದರು. (ಅದರ ಗುಟ್ಟು ಏನೆಂದು ಆಗ ನನಗೂ ತಿಳಿದಿರಲಿಲ್ಲ.)

ನಿವೃತ್ತಿಯ ದಿನ ಕೇಕು ಕತ್ತರಿಸಿದರು, ಒಂದು ಗಡಿಯಾರ ಕೊಟ್ಟರು, ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಯಜಮಾನರು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನ ಅಡುಗೆಮನೆಗೆ ಬಂದು ಕುಳಿತರು. ಗೋಧಿ ಇಲ್ಲದಿದ್ದರೇನಂತೆ, ನಾನಿದ್ದೆನಲ್ಲ. ಆ ವಾರದಲ್ಲೇ ಶುರುವಾಯಿತು.

"ಲವಾನ್, ಇವತ್ತಿನ ಕಾಫಿ ನಂಬರ್ ಟೂ."

"ನಿನ್ನೇನೂ ಇದೇ ಡಬ್ಬೀದೇ ಹಾಕಿದ್ದು. ಆಗ ನಂಬರ್ ಒನ್ ಅಂದ್ರಲ್ಲ?"

"ನಿನ್ನೆ ತೇವ ಕಮ್ಮಿ ಇತ್ತು."

"ಕಾಫೀಲಿ ತೇವ ಕಮ್ಮಿ ಇರತ್ತೇನ್ರೀ?"

"ನಿಂಗೆ ಗೊತ್ತಾಗಲ್ಲ ಬಿಡು."

ಬ್ರೆಡ್ಡಿಗೆ ಹಿಟ್ಟು ಕಲೆಸಿದರೆ ಬೆರಳು ಅದ್ದಿ ನೋಡುವರು. ಪಾತ್ರೆ ತೊಳೆದರೆ ಬೆಳಕಿಗೆ ಹಿಡಿದು ನೋಡುವರು. ಮಸಾಲೆ ಡಬ್ಬಿಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿ, ಉಪ್ಪು ಎಲ್ಲಿದೆ ಎಂದು ನಾನು ಹುಡುಕುತ್ತಿದ್ದರೆ ಹಿಂದೆ ನಿಂತು ಕನಿಕರದಿಂದ ನಗುವರು. ಹಾಗೆಂದು ಕೆಟ್ಟ ಮನುಷ್ಯರಲ್ಲ. ಕುಡಿತವಿಲ್ಲ, ಕೂಗಾಟವಿಲ್ಲ, ಪರರ ಸುದ್ದಿಯಿಲ್ಲ. ಇಷ್ಟು ಒಳ್ಳೆಯ ಮನುಷ್ಯನ ಮೇಲೆ ಯಾರ ಬಳಿ ಹೋಗಿ ದೂರು ಹೇಳಲಿ?

"ರೀ, ದಿನಕ್ಕೆ ಒಂದು ಗಂಟೆ ನನ್ನನ್ನು ನನ್ನ ಪಾಡಿಗೆ ಬಿಡಿ" ಎಂದು ನೇರವಾಗಿ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನಮ್ಮ ಕಡೆ ಹಾಗೆಲ್ಲ ಹೇಳುವ ರೂಢಿಯಿಲ್ಲ. ಮೈನಸ್ ಮೂವತ್ತು ಡಿಗ್ರಿಯಲ್ಲಿ ಮೂಗು ಉದುರಿ ಬೀಳುವಂತಿದ್ದರೂ ನಾವು "ಸ್ವಲ್ಪ ತಂಪು" ಎನ್ನುತ್ತೇವೆ. ಮಂಜಿನಲ್ಲಿ ಜಾರಿ ಕಾಲು ಮುರಿದುಕೊಂಡವನು ಆಂಬುಲೆನ್ಸಿನೊಳಗಿಂದಲೇ "ಪರವಾಗಿಲ್ಲ" ಎಂದು ಕೈ ಬೀಸುತ್ತಾನೆ. ನಮ್ಮಮ್ಮ ಅರವತ್ತು ವರ್ಷ ಅಪ್ಪನ ಗೊರಕೆ ಕೇಳಿಸಿಕೊಂಡು, ಕೊನೆಗೂ ಒಂದು ಮಾತು ಆಡದೆ ಹೋದಳು. ಅಂಥ ವಂಶದಲ್ಲಿ ಹುಟ್ಟಿದವಳು ನಾನು.

ಇನ್ನು ಟ್ರೈಲರ್ ವಿಷಯ. ಪಿಕಪ್ ಗಾಡಿಯ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಚಕ್ರದ ಮನೆ ನಮ್ಮದೊಂದಿದೆ. ಅಗಲವಾಗಿ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ ಎನ್ನುವಷ್ಟು ವಿಶಾಲ. ಬೇಸಿಗೆಯಲ್ಲಿ ಕೆರೆಯ ದಂಡೆಗೆ ಎಳೆದೊಯ್ಯುತ್ತೇವೆ, ಯಜಮಾನರು ಮೀನು ಹಿಡಿಯುತ್ತಾರೆ, ನಾನು ಒಲೆಯ ಮುಂದೆ ನಿಂತಿರುತ್ತೇನೆ. ಹಿಮ ಬೀಳುವ ಮೊದಲು ಅದರ ನೀರೆಲ್ಲ ಖಾಲಿ ಮಾಡಿ, ಹಿತ್ತಿಲಲ್ಲಿ ಕೋಳಿಗೂಡಿನ ಪಕ್ಕದಲ್ಲಿ ನಿಲ್ಲಿಸಿ, ಚಕ್ರಕ್ಕೆ ಮರದ ತುಂಡು ಕೊಟ್ಟು, ಬಾಗಿಲ ಬಳಿಯ ಕೆಂಪು ಗುಬುಟಿನ ಸ್ವಿಚ್ಚನ್ನು ತಿರುವಿ ಬ್ಯಾಟರಿಯ ಸಂಪರ್ಕ ಕಡಿಯುವುದು ಯಜಮಾನರ ವಾರ್ಷಿಕ ವ್ರತ.

ಈ ಬ್ಯಾಟರಿಯ ಮೇಲೆ ಅವರಿಗೆ ಇರುವ ಕಾಳಜಿ ನನ್ನ ಮೇಲೆ ಹೆರಿಗೆಯ ಕಾಲದಲ್ಲೂ ಇರಲಿಲ್ಲ. ತುಂಬಿದ ಬ್ಯಾಟರಿ ಎಂಥ ಚಳಿಯನ್ನೂ ತಡೆಯುತ್ತದಂತೆ. ಖಾಲಿಯಾದರೆ ಒಳಗೆ ಹೆಪ್ಪುಗಟ್ಟಿ ಹೊಟ್ಟೆ ಒಡೆದುಕೊಳ್ಳುತ್ತದಂತೆ. ಹಿಂದಿನ ಚಳಿಗಾಲ ಹಳೆಯದಕ್ಕೆ ಅದೇ ಗತಿಯಾಯಿತು. ಆಗ ಯಜಮಾನರು ಬಹಳ ದಿನ ಮೌನವಾಗಿದ್ದರು. (ನಾನು ಬೇರೆ ಬ್ಯಾಟರಿಗಳೂ ಸಾಯಲಿ ಎಂದು ಹಾರೈಸಿದ್ದು ಆ ದಿನಗಳಲ್ಲೇ.) ಹೊಸದನ್ನು ತಂದಾಗ ಅದರ ತಲೆಯ ಮೇಲೆ ಕೈಯಿಟ್ಟು, "ಇದು ಸಾಯಲ್ಲ ಲವಾನ್, ನಾನು ಸಾಯಕ್ಕೆ ಬಿಡಲ್ಲ" ಎಂದಿದ್ದರು.

ಡಿಸೆಂಬರಿನ ಒಂದು ಮಧ್ಯಾಹ್ನ ಮೊಟ್ಟೆ ತರಲು ಕೋಳಿಗೂಡಿಗೆ ಹೋದವಳು, ಗಾಳಿ ತಡೆಯಲಾರದೆ ಪಕ್ಕದ ಟ್ರೈಲರಿನ ಬಾಗಿಲು ತೆಗೆದು ಒಳಗೆ ನುಗ್ಗಿದೆ. ಬಾಗಿಲು ಮುಚ್ಚಿಕೊಂಡಿತು. ನಿಶ್ಶಬ್ದ. ಯಾರೂ ಕೆಮ್ಮಲಿಲ್ಲ. ಯಾರೂ ನಾನು ನಿಂತ ಭಂಗಿಗೆ ದರ್ಜೆ ಕೊಡಲಿಲ್ಲ. ಬೆಂಚಿನ ಮೇಲೆ ಕುಳಿತೆ. ನನಗೆ ಅಳು ಬಂತು, ಅಷ್ಟು ಸುಖವಾಯಿತು.

ಮರುದಿನ ಪುಸ್ತಕ ಒಯ್ದೆ. ಅದರ ಮರುದಿನ ಒಂದು ತುಂಡು ಚಾಕೊಲೇಟ್ ಕೇಕು. ಆಮೇಲೆ ಕೆಂಪು ಗುಬುಟು ತಿರುವಿ ದೀಪ ಹಾಕಿ, ಹೀಟರ್ ಹಚ್ಚಿ, ಕಾಲು ಚಾಚಿ ಕೂರುವಷ್ಟು ಧೈರ್ಯ ಬಂತು. ಎದ್ದು ಹೊರಡುವಾಗ ಎಲ್ಲ ಆರಿಸಿ, ಗುಬುಟನ್ನು ಮೊದಲಿದ್ದ ಹಾಗೇ ತಿರುವಿಟ್ಟು ಬರುತ್ತಿದ್ದೆ. ಹೀಟರ್ ಗ್ಯಾಸಿನದು, ಬ್ಯಾಟರಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡಿದ್ದೆ. ಆ ಬಿಸಿಯನ್ನು ಗಾಳಿಯಾಗಿ ನೂಕುವ ಫ್ಯಾನು ಬ್ಯಾಟರಿಯನ್ನು ಗಟಗಟನೆ ಕುಡಿಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಗಂಟೆ, ಅಷ್ಟೇ. ಆ ಒಂದು ಗಂಟೆ ಸಿಕ್ಕರೆ ಉಳಿದ ಹೊತ್ತೆಲ್ಲ ನಾನು ಸತಿಶಿರೋಮಣಿ. ಕಾಫಿಗೆ ನಂಬರ್ ತ್ರೀ ಕೊಟ್ಟರೂ ನಗುತ್ತಿದ್ದೆ.

"ಎಂಟು ಕೋಳಿಗೆ ಒಂದು ಗಂಟೆ ಬೇಕಾ?" ಎಂದು ಒಂದು ದಿನ ಯಜಮಾನರು ವಿಚಾರಣೆ ಮಾಡಿದರು.

"ಚಳಿಗಾಲದಲ್ಲಿ ಅವಕ್ಕೆ ಬೇಜಾರಾಗತ್ತೆ ಕಣ್ರೀ. ಮಾತಾಡಿಸಿದ್ರೆ ಮೊಟ್ಟೆ ಇಡ್ತವೆ."

"ಮಾತಾಡಿಸಿದ್ರೂ ಎರಡೇ ಮೊಟ್ಟೆ ಬಂದಿದೆ."

"ಮಾತಾಡಿಸದೇ ಇದ್ದಿದ್ರೆ ಅದೂ ಇರ್ತಿರಲಿಲ್ಲ."

ಇದರಲ್ಲಿ ತರ್ಕದ ತಪ್ಪು ಹುಡುಕುತ್ತ ಅವರು ಅರ್ಧ ದಿನ ಕಳೆದರು. ಅದೂ ನನಗೆ ಲಾಭವೇ.

ಹೊಸ ವರ್ಷ ಕಳೆದ ಮೇಲೆ ಒಂದು ದಿನ ಯಜಮಾನರು ಬ್ಯಾಟರಿಯ ಆರೋಗ್ಯ ವಿಚಾರಿಸಲು ಮೀಟರ್ ಹಿಡಿದು ಹಿತ್ತಿಲಿಗೆ ಹೋದರು. ವಾಪಸು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ.

"ಲವಾನ್, ಹನ್ನೆರಡು ಪಾಯಿಂಟ್ ಆರು ವೋಲ್ಟ್ ಇರಬೇಕಾದ್ದು ಹನ್ನೆರಡಕ್ಕೆ ಇಳಿದಿದೆ! ಯಾರೋ ಕುಡೀತಿದಾರೆ!"

"ಸ್ವಿಚ್ ಆರಿಸೋದು ಮರೆತ್ರೇನೋ."

"ಆರಿಸಿದೀನಿ! ಈಗಲೂ ಆರಿದೆ! ಅದೇ ಕಣೇ ಸೋಜಿಗ. ಸ್ವಿಚ್ ಆರಿದ್ರೂ ಕರೆಂಟು ಹೋಗ್ತಿದೆ ಅಂದ್ರೆ ಒಳಗೆಲ್ಲೋ ಕಳ್ಳ ಇದಾನೆ."

ಕಳ್ಳ ಒಲೆಯ ಮುಂದೆ ನಿಂತು ಆಲೂಗಡ್ಡೆ ಸುಲಿಯುತ್ತಿದ್ದಳು.

ಮನೆಯಿಂದ ವೈರ್ ಎಳೆದು ಚಾರ್ಜರ್ ಹಾಕಿಟ್ಟುಬಿಡಿ, ಪೀಡೆ ಕಳೆಯಲಿ, ಎಂದು ಹೇಳಿ ನೋಡಿದೆ. ಹೊರಗಿನ ಒಂದೇ ಸಾಕೆಟ್ಟು ಪಿಕಪ್ಪಿನ ಎಂಜಿನ್ ಬೆಚ್ಚಗಿಡುವ ವೈರಿಗೆ ಮೀಸಲಂತೆ. ಎರಡನ್ನೂ ಹಾಕಿದರೆ ಫ್ಯೂಸು ಹಾರುತ್ತದಂತೆ. "ಅದಿರಲಿ, ಕಳ್ಳನಿಗೆ ಊಟ ಹಾಕಿ ಸಾಕೋದು ಯಾವ ಸೀಮೆ ನ್ಯಾಯ?" ಎಂದರು. ಒಂದು ರಾತ್ರಿ ಮಾತ್ರ ಚಾರ್ಜ್ ಮಾಡಿ ತುಂಬಿಸಿದರು. ನಾನು ಖಾಲಿ ಮಾಡಿದೆ.

ವಿಷಯ ಪೆಟ್ರೋಲ್ ಬಂಕಿನ ಕಾಫಿ ಮೇಜಿಗೆ ಹೋಯಿತು. ಊರಿನ ನಿವೃತ್ತ ಗಂಡಸರೆಲ್ಲ ಬೆಳಿಗ್ಗೆ ಅಲ್ಲಿ ಸೇರಿ ಲೋಕಕಲ್ಯಾಣದ ಬಗ್ಗೆ ಚಿಂತಿಸುತ್ತಾರೆ. ಅಲ್ಲಿ ಮುಖ್ಯ ವಿದ್ವಾಂಸರು ನಮ್ಮ ನೆರೆಮನೆಯ ಆರ್ಲೋ. ಟೆಲಿಫೋನ್ ಇಲಾಖೆಯಲ್ಲಿ ಕಂಬ ಹತ್ತಿ ಹತ್ತಿ ನಿವೃತ್ತರಾದವರು, ವೈರಿನ ವಿಷಯದಲ್ಲಿ ಅವರ ಮಾತೇ ವೇದ. ಗ್ಯಾಸ್ ಸೋರಿದರೆ ಕೂಗುವ ಅಲಾರಾಮು ನೇರವಾಗಿ ಬ್ಯಾಟರಿಗೇ ಜೋಡಿಸಿರುತ್ತದೆ, ಸ್ವಿಚ್ ಆರಿಸಿದರೂ ಅದು ನೆಕ್ಕುತ್ತಲೇ ಇರುತ್ತದೆ ಎಂದು ಆರ್ಲೋ ಅಪ್ಪಣೆ ಕೊಡಿಸಿದರು. ಯಜಮಾನರು ಓಡಿಬಂದು ಅದನ್ನು ಕಿತ್ತು ಹಾಕಿದರು. (ಅಂದಿನಿಂದ ನಾನು ಕಿಟಕಿ ಸ್ವಲ್ಪ ತೆಗೆದಿಟ್ಟು, ಪ್ರಾಣ ಕೈಯಲ್ಲಿ ಹಿಡಿದು ಕೇಕು ತಿನ್ನಬೇಕಾಯಿತು.) ಬ್ಯಾಟರಿ ಮತ್ತೆ ಇಳಿಯಿತು. ರೇಡಿಯೋದ ಗಡಿಯಾರವಿರಬಹುದು ಎಂದರು, ರೇಡಿಯೋ ಹೊರಬಂತು. ಇಲಿ ವೈರು ಕಡಿದಿರಬಹುದು ಎಂದರು, ಇಲಿಬೋನು ಒಳಹೋಯಿತು, ಅದರಲ್ಲಿ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ಬ್ಯಾಟರಿ ಮತ್ತೂ ಇಳಿಯಿತು. ಆದರೆ ಗ್ಯಾಸ್ ಸಿಲಿಂಡರನ್ನು ಒಮ್ಮೆ ಅಲುಗಿಸಿ ನೋಡುವ ಬುದ್ಧಿಯನ್ನು ಭಗವಂತ ಅವರಿಬ್ಬರಲ್ಲಿ ಯಾರಿಗೂ ಕೊಡಲಿಲ್ಲ, ಅವನಿಗೆ ಸಾವಿರ ನಮಸ್ಕಾರ.

ಕೊನೆಗೆ ಯಜಮಾನರು ಬ್ಯಾಟರಿಯನ್ನೇ ಬಿಚ್ಚಿ ಮನೆಯೊಳಗೆ ಹೊತ್ತು ತಂದರು. ನೆಲಮಾಳಿಗೆಯಲ್ಲಿಡಿ ಎಂದೆ. ಅಲ್ಲಿ ಸಿಮೆಂಟ್ ನೆಲ, ಬ್ಯಾಟರಿಯನ್ನು ಬರೀ ಸಿಮೆಂಟಿನ ಮೇಲೆ ಇಟ್ಟರೆ ಭೂಮಿ ಅದನ್ನು ಹೀರುತ್ತದೆ ಎಂದು ಅವರಪ್ಪ ಹೇಳಿದ್ದರಂತೆ. ಹಾಗಾಗಿ ನನ್ನ ಅಡುಗೆಮನೆಯ ಮೂಲೆಯಲ್ಲಿ ಮರದ ಪೀಠ, ಪೀಠದ ಮೇಲೆ ನನ್ನ ಒಳ್ಳೆಯ ಟವೆಲು, ಟವೆಲಿನ ಮೇಲೆ ಬ್ಯಾಟರಿಯ ಪ್ರತಿಷ್ಠಾಪನೆಯಾಯಿತು. ದಿನಾ ಬೆಳಿಗ್ಗೆ ಮೀಟರ್ ಮುಟ್ಟಿಸಿ, "ಹನ್ನೆರಡು ಪಾಯಿಂಟ್ ಆರು! ಕೂದಲಷ್ಟೂ ಇಳಿದಿಲ್ಲ! ನಂಬರ್ ಒನ್!" ಎಂದು ಸಾರುವರು. ಆ ದರ್ಜೆ ನನ್ನ ಕಾಫಿಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಒಂದು ಸೀಸದ ಡಬ್ಬಿಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಮೊದಲ ಹೆಂಗಸು ನಾನೇ ಇರಬೇಕು.

ಇತ್ತ ನನ್ನ ಒಂದು ಗಂಟೆ ಸತ್ತಿತು. ಹೀಟರಿಲ್ಲದ ಟ್ರೈಲರಿನಲ್ಲಿ ಎರಡು ಕೋಟು ಹಾಕಿಕೊಂಡು ಕುಳಿತು ನೋಡಿದೆ. ಕೈಗವಸಿನಲ್ಲಿ ಪುಟ ತಿರುವಲು ಬರಲಿಲ್ಲ. ಕೇಕು ಇಟ್ಟಿಗೆಯಾಗಿ ಹಲ್ಲು ಅಲ್ಲಾಡಿತು. ಮನೆಗೆ ಬಂದರೆ ಬಾಗಿಲಲ್ಲೇ ಯಜಮಾನರು, "ಇಷ್ಟು ಬೇಗ ಬಂದ್ಯಾ? ಕೋಳಿ ಮಾತಾಡಲಿಲ್ವಾ?" ಎನ್ನುವರು. ನನ್ನ ಸ್ವಭಾವ ಕೆಡುತ್ತ ಬಂತು. ಒಂದು ದಿನ ಸಕ್ಕರೆ ಡಬ್ಬಿಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟುಬಿಟ್ಟೆ. (ನಮ್ಮ ಕಡೆ ಇದರ ಮುಂದಿನ ಮೆಟ್ಟಿಲು ವಿಚ್ಛೇದನ.) ಇನ್ನು ತಡೆಯಲಾರೆ ಎನ್ನಿಸಿತು. ತಲೆ ಓಡಿಸಿದೆ.

"ರೀ, ಬ್ಯಾಟರಿ ಇಲ್ಲಿ ಬೆಚ್ಚಗೆ ಕೂತಿದ್ರೆ ಅಲ್ಲಿರೋ ಕಳ್ಳ ಹೇಗ್ರೀ ಸಿಗ್ತಾನೆ? ತಿನ್ನಕ್ಕೆ ಇಟ್ರೆ ತಾನೇ ಬರೋದು?"

ಯಜಮಾನರು ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು.

"ಲವಾನ್, ನಿನ್ನ ತಲೆ ನಂಬರ್ ಒನ್ ಕಣೇ."

ಹೆಮ್ಮೆಯಿಂದ ಉಬ್ಬಿಹೋದೆ. ಬ್ಯಾಟರಿ ಅವತ್ತೇ ಟ್ರೈಲರಿಗೆ ಮರಳಿತು. ಮರುದಿನ ಮಧ್ಯಾಹ್ನ, ಯಜಮಾನರು ಆರ್ಲೋ ಮನೆಗೆ ಹೋದದ್ದು ನೋಡಿಕೊಂಡು, ನಾನೂ ಮರಳಿದೆ. ಪರದೆ ಎಳೆದೆ, ದೀಪ ಹಾಕಿದೆ, ಹೀಟರ್ ಗುರ್ ಎಂದಿತು, ಕೇಕಿನ ಮೊದಲ ತುಂಡು ಬಾಯಲ್ಲಿ ಕರಗಿತು. ಆಗ ಹೊರಗೆ ಹಿಮದ ಮೇಲೆ ಬೂಟುಗಳು ಕರಕರ ಎಂದವು. ಎರಡು ಜೊತೆ.

ಯಜಮಾನರು ಆರ್ಲೋ ಮನೆಗೆ ಹೋದದ್ದು ಹರಟೆಗಲ್ಲ, ಅವರ ದೊಡ್ಡ ಮೀಟರನ್ನೂ ಅವರನ್ನೂ ಕರೆತರಲು. ಬ್ಯಾಟರಿ ಇರುವುದು ಟ್ರೈಲರಿನ ಮೂತಿಯಲ್ಲಿ, ಹೊರಗಡೆ, ನಾನು ಕುಳಿತ ಗೋಡೆಯ ಆಚೆಗೇ. ಯಜಮಾನರ ಕಿವಿ ಉಗ್ರಾಣದ ಯಂತ್ರಗಳ ಗದ್ದಲದಲ್ಲಿ ಹೋಗಿದೆ. ಆರ್ಲೋ ಕಿವಿಯ ಯಂತ್ರವನ್ನು ಅದರ ಬ್ಯಾಟರಿ ಉಳಿಯಲೆಂದು ಜೇಬಿನಲ್ಲೇ ಇಟ್ಟುಕೊಳ್ಳುವವರು. ಹೀಗಾಗಿ ಹೀಟರಿನ ಸದ್ದು ಅವರಿಗೆ ಕೇಳದು, ಅವರ ಕಿರುಚಾಟ ಮಾತ್ರ ನನಗೆ ಚೆನ್ನಾಗಿ ಕೇಳುತ್ತಿತ್ತು. ವೈರು ಬಿಚ್ಚಿ ನಡುವೆ ಮೀಟರು ಸೇರಿಸಿದರೆಂದು ಕಾಣುತ್ತದೆ, ದೀಪ ಒಮ್ಮೆ ಆರಿ ಮತ್ತೆ ಹತ್ತಿತು.

"ಒಂಬತ್ತು ಆಂಪ್!" ಯಜಮಾನರ ಆರ್ತನಾದ. "ಆರ್ಲೋ, ಇದು ಸೋರಿಕೆ ಅಲ್ಲಪ್ಪ, ಹೊಳೆ! ಇಳಿಯೇ ದರಿದ್ರದ್ದೇ, ಇಳಿ!"

ಗಾಬರಿಯಲ್ಲಿ ನಾನು ದೀಪ ಆರಿಸಿದೆ.

"ಏಳು! ಇಳೀತು!"

"ನೀನು ಹೇಳಿದ್ದಕ್ಕೆ ಇಳೀತಾ?" ಎಂದರು ಆರ್ಲೋ. "ಎಲ್ಲಿ, ಇನ್ನೊಂದ್ಸಲ ಹೇಳು."

"ಇಳಿ!"

ನಾನು ಕದಲಲಿಲ್ಲ, ದೇವರಾಣೆ. ಆದರೆ ಒಳಗೆ ಸಾಕಷ್ಟು ಬಿಸಿಯಾಗಿತ್ತೆಂದು ಹೀಟರು ತನ್ನಷ್ಟಕ್ಕೆ ತಾನೇ ನಿಂತುಬಿಟ್ಟಿತು.

"ಸೊನ್ನೆ," ಎಂದರು ಯಜಮಾನರು.

ಮೀಟರನ್ನು ಟಕಟಕನೆ ತಟ್ಟಿದ ಸದ್ದು ಬಂತು. ಆಮೇಲೆ ಆರ್ಲೋ, "ವೆಂಡೆಲ್, ಇಷ್ಟು ವರ್ಷ ಕಂಬ ಹತ್ತಿದೀನಿ. ಮಾತು ಕೇಳೋ ವೈರು ಇದೇ ಮೊದಲು ನೋಡ್ತಿರೋದು. ಈಗ 'ಏರು' ಅನ್ನು," ಎಂದರು.

"ಏರು!"

ಓಡಿಹೋಗುವುದೇ ಕ್ಷೇಮವೆಂದು ನಾನು ಕತ್ತಲಲ್ಲಿ ಪುಸ್ತಕ ತಡಕಾಡುತ್ತಿದ್ದೆ. ಮೊಣಕೈ ಒಲೆಯ ಮೇಲಿನ ಹೊಗೆ ಫ್ಯಾನಿನ ಗುಂಡಿಗೆ ತಗುಲಿತು. ಅದು ಭರ್‍ರೆಂದು ತಿರುಗತೊಡಗಿತು.

"ಏರಿತು! ಆರ್ಲೋ, ಏರಿತು! ಒಳಗೆ ಏನೋ ಇದೆ!"

ಬಾಗಿಲು ತೆರೆಯಿತು. ಯಜಮಾನರ ಕೈಯಲ್ಲಿ ಹಿಮ ಎತ್ತುವ ಸನಿಕೆ. ಅವರ ಭುಜದ ಮೇಲಿಂದ ಆರ್ಲೋ ಮುಖ. ಎದುರಿಗೆ ನಾನು, ಮಡಿಲಲ್ಲಿ ಕಂಬಳಿ, ತುಟಿಯ ಮೇಲೆ ಚಾಕೊಲೇಟು.

ಆರ್ಲೋ ಟೋಪಿ ತೆಗೆದು ವಿನಯದಿಂದ, "ಚೆನ್ನಾಗಿದೀರಾ ಲವಾನ್? ಇವತ್ತು ಸ್ವಲ್ಪ ತಂಪು," ಎಂದರು.

"ಹೌದು, ಸ್ವಲ್ಪ ತಂಪು," ಎಂದೆ.

"ನೀನು... ಇಲ್ಲೇನ್ ಮಾಡ್ತಿದೀಯ?" ಎಂದರು ಯಜಮಾನರು.

ನಿಜ ನಾಲಿಗೆಯ ತುದಿಗೆ ಬಂದಿತ್ತು. ನಂಬರ್ ಒನ್ನು, ನಂಬರ್ ಟೂ, ಬೆರಳದ್ದಿದ ಹಿಟ್ಟು, ಅಕಾರಾದಿ ಡಬ್ಬಿ, ಎಲ್ಲವೂ ಸಾಲುಗಟ್ಟಿ ನಿಂತಿದ್ದವು. ಆದರೆ ಆರ್ಲೋ ಎದುರಿಗೆ ಹೇಳಿದರೆ ನಾಳೆ ಬೆಳಿಗ್ಗೆ ಅದು ಕಾಫಿ ಮೇಜಿನ ಮೇಲಿರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಯಜಮಾನರ ಮುಖದಲ್ಲಿ ಸಿಟ್ಟಿರಲಿಲ್ಲ. ನಾನು ಏನು ಹೇಳಿಬಿಡುತ್ತೇನೋ ಎಂಬ ಹೆದರಿಕೆಯಿತ್ತು. ನನಗೆ ಅವರ ಮೇಲೆ ಅಯ್ಯೋ ಎನಿಸಿತು. ಆ ಒಂದು ಅಯ್ಯೋ ನನ್ನನ್ನು ಹಾಳುಮಾಡಿತು.

"ನಂಗೆ ಈ ಟ್ರೈಲರ್ ಅಂದ್ರೆ ಪ್ರಾಣ ಕಣ್ರೀ," ಎಂದೆ. "ಚಳಿಗಾಲದಲ್ಲಿ ಇದನ್ನ ಬಿಟ್ಟಿರಕ್ಕೆ ಆಗಲ್ಲ. ಬಂದು ಸ್ವಲ್ಪ ಹೊತ್ತು ಕೂತ್ಕೋತೀನಿ."

ಯಜಮಾನರ ಕಣ್ಣಲ್ಲಿ ನೀರಾಡಿತು. (ಗಾಳಿಗೆ ಎಂದು ಆರ್ಲೋಗೆ ಹೇಳಿದರು.) ಬೈಗುಳ ಬರಲಿಲ್ಲ, ಬ್ಯಾಟರಿಯ ಬಗ್ಗೆ ಒಂದು ಮಾತು ಬರಲಿಲ್ಲ. ಮರುದಿನ ಅವರೇ ಗ್ಯಾಸಿನ ಅಲಾರಾಮನ್ನು ವಾಪಸು ಹಾಕಿ, ಬೆಂಚಿಗೆ ಒಂದು ದಿಂಬು ತಂದಿಟ್ಟರು. ಕಾಫಿಗೆ ಸತತವಾಗಿ ನಂಬರ್ ಒನ್ ಬರತೊಡಗಿತು. ಆಗಾಗ ಫೋನ್ ಹಿಡಿದು ಇನ್ನೊಂದು ಕೋಣೆಗೆ ಹೋಗಿ ಪಿಸುಗುಟ್ಟುವರು. ನಾನು ಗೆದ್ದೆನೆಂದೇ ತಿಳಿದು ಹಾಯಾಗಿದ್ದೆ.

ಮಾರ್ಚಿನಲ್ಲಿ ಒಂದು ಸಂಜೆ ಊಟದ ಮೇಜಿನಲ್ಲಿ ಯಜಮಾನರು ಗಂಟಲು ಸರಿಮಾಡಿಕೊಂಡರು.

"ಲವಾನ್, ಎಲ್ಲಾ ಗೊತ್ತುಮಾಡಿದೀನಿ. ಬರೋ ಚಳಿಗಾಲ ಪೂರ್ತಿ ನಾವು ಅರಿಜೋನಾದಲ್ಲಿ. ನವೆಂಬರಿಂದ ಮಾರ್ಚಿವರೆಗೂ."

"ಅಲ್ಲಿ ಯಾರ ಮನೇಲಿ ರೀ?"

"ಯಾರ ಮನೇನೂ ಬೇಡ. ಟ್ರೈಲರಲ್ಲಿ! ನಾವಿಬ್ರೇ!"

ಚಮಚ ತಟ್ಟೆಗೆ ಬಿತ್ತು. ಅವರು ಅದನ್ನು ಸಂತೋಷಕ್ಕೆ ಎಂದುಕೊಂಡರು.

"ನಿಂಗೆ ಅದನ್ನ ಕಂಡ್ರೆ ಆಗಲ್ಲ ಅಂದ್ಕೊಂಡು ಇಷ್ಟು ವರ್ಷ ನಾನೇ ಬಾಯಿ ಮುಚ್ಕೊಂಡಿದ್ದೆ ನೋಡು. ಒಂದು ಮಾತು ಹೇಳಬಾರದಾಗಿತ್ತಾ?"

"ಕೋಳಿಗಳು?" ಎಂದೆ, ಕೊನೆಯ ಆಸರೆಯಾಗಿ.

"ಆರ್ಲೋ ನೋಡ್ಕೋತಾನೆ. ದಿನಾ ಒಂದು ಗಂಟೆ ಮಾತಾಡಿಸ್ತೀನಿ ಅಂತ ಒಪ್ಪಿದಾನೆ."

ಆಗ ಹೇಳಬಹುದಿತ್ತು. ಬಾಯಿಯನ್ನೂ ತೆರೆದೆ. ಅವರು ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. "ಪರವಾಗಿಲ್ಲ," ಎಂದೆ. ನಮ್ಮ ಕಡೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅವರು ಎದ್ದು ಬಂದು ನನ್ನ ಭುಜ ತಟ್ಟಿದರು.

ಇದನ್ನು ನಾನು ಅರಿಜೋನಾದಲ್ಲಿ ಕುಳಿತು ಬರೆಯುತ್ತಿದ್ದೇನೆ. ಸುತ್ತ ಮರಳು, ಕಳ್ಳಿ, ಆಕಾಶ. ನಮ್ಮಂತೆ ಚಳಿಗೆ ಹೆದರಿ ಓಡಿಬಂದವರೆಲ್ಲ ದೂರದಲ್ಲಿ ಕರೆಂಟಿನ ಕಂಬಗಳಿರುವ ಕಡೆ ಒತ್ತೊತ್ತಾಗಿ ನಿಂತಿದ್ದಾರೆ. ಅಲ್ಲಿ ಹೆಂಗಸರು ಮಧ್ಯಾಹ್ನವೆಲ್ಲ ಇಸ್ಪೀಟು ಆಡುತ್ತಾರಂತೆ. ಯಜಮಾನರು ಆ ಗದ್ದಲ ನನಗೆ ಹಿಡಿಸದೆಂದು ಯೋಚಿಸಿ, ನನಗಾಗಿಯೇ ಈ ನಿರ್ಜನ ಜಾಗ ಹುಡುಕಿದ್ದಾರೆ. ಇಲ್ಲಿ ಕಂಬವಿಲ್ಲ, ಇರುವುದು ಮಾಡಿನ ಮೇಲೆ ಒಂದು ಸೋಲಾರ್ ಹಲಗೆ, ಮೂತಿಯಲ್ಲಿ ಆ ಬ್ಯಾಟರಿ, ಗೋಡೆಯ ಮೇಲೆ ಅದರ ಆರೋಗ್ಯ ತೋರಿಸುವ ಮೀಟರ್. ಮೀಟರಿನ ಎದುರಿಗೆ ಯಜಮಾನರ ಕುರ್ಚಿ. ಟ್ರೈಲರಿನಲ್ಲಿ ಒಳಗಿನಿಂದ ಚಿಲಕ ಹಾಕಬಹುದಾದ ಬಾಗಿಲು ಒಂದೇ ಒಂದು, ಅದು ಬಚ್ಚಲಿನದು. ಅಲ್ಲಿ ಕಮೋಡಿನ ಮುಚ್ಚಳದ ಮೇಲೆ ಕುಳಿತು, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಇಷ್ಟು ಬರೆಯುವುದರೊಳಗೆ ಬಾಗಿಲ ಮೇಲೆ ಬೆರಳು ತಟ್ಟಿದ ಸದ್ದಾಯಿತು.

"ಲವಾನ್, ಮೀಟರ್ ಇಳೀತಿದೆ. ಒಳಗೆ ಲೈಟ್ ಹಾಕಿದೀಯಾ?"

"ಹೂಂ ರೀ."

"ಆರಿಸಿ ಈಚೆ ಬಂದ್ಬಿಡು. ಅಲ್ಲಿ ಒಬ್ಬಳೇ ಏನ್ ಮಾಡ್ತೀಯ, ಇಲ್ಲಿ ನಾನಿದೀನಿ."